"ಹಲ್ಲು ಅಲ್ಲಾಡ್ತಿದೆ ಅಂತ ಅಮ್ಮಂಗೆ ಹೇಳ್ಬೇಡ"

ಮಕ್ಕಳು ಬೆಳೆಯುತ್ತಿದ್ದಾರೆ ಎಂಬ ಒಂದೇ ಕಾರಣಕ್ಕೆ ದುಃಖಪಡುವ ತಾಯಂದಿರು ಆಪ್ತಸಲಹೆಗೆ ಬರುವುದು ಅಪರೂಪವೇನಲ್ಲ, ಆದರೆ ಅವರಾರೂ ಆ ಕಾರಣವನ್ನು ಹೇಳಿಕೊಂಡು ಬರುವುದಿಲ್ಲ. ರಾತ್ರಿ ಸರಿಯಾಗಿ ನಿದ್ದೆ ಬರುತ್ತಿಲ್ಲವೆಂದೋ, ಸಣ್ಣಪುಟ್ಟದ್ದಕ್ಕೆಲ್ಲ ಕಣ್ಣು ತುಂಬಿಬರುತ್ತದೆಂದೋ, ಗಂಡನೊಂದಿಗೆ ಮಾತು ಕಡಿಮೆಯಾಗಿದೆಯೆಂದೋ ಆರಂಭಿಸಿ, ಕೆಲವು ಭೇಟಿಗಳಾದ ಮೇಲೆ ನಿಜವಾದ ವಿಷಯಕ್ಕೆ ಬರುತ್ತಾರೆ, ಬಂದ ಕೂಡಲೇ ನಾಚಿಕೊಂಡು, "ಇದೂ ಒಂದು ಸಮಸ್ಯೆಯಾ ಮೇಡಂ?" ಎಂದು ತಾವೇ ಕೇಳುತ್ತಾರೆ. ಹೆಚ್ಚಿನವರು ಕಿರಿಯ ಮಗು ಶಾಲೆಗೆ ಸೇರುವ ಹೊತ್ತಿಗೆ, ಅಥವಾ ಇನ್ನೊಂದು ಮಗು ಬೇಡವೆಂದು ಮನೆಯಲ್ಲಿ ತೀರ್ಮಾನವಾದ ಮೇಲೆ ಬರುತ್ತಾರೆ. ಹಾಗೆ ಬಂದ ಒಬ್ಬ ತಾಯಿಯ ಪ್ರಕರಣವನ್ನು, ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ಪ್ರಕರಣ ಸಣ್ಣದು. ಯಾರೂ ಯಾರ ಮೇಲೂ ಕೈಮಾಡಿದ್ದಿಲ್ಲ, ಯಾರೂ ಮನೆ ಬಿಟ್ಟು ಹೋದದ್ದಿಲ್ಲ. ಆದರೂ ಅದು ನನ್ನನ್ನು ಬಹಳ ಕಾಡಿತು, ಏಕೆಂದರೆ ಅಲ್ಲಿ ದುಃಖಪಡುತ್ತಿದ್ದವರು ದೊಡ್ಡವರು, ಆ ದುಃಖವನ್ನು ಹೊತ್ತು ನಿಭಾಯಿಸುತ್ತಿದ್ದವನು ಆರು ವರ್ಷದ ಹುಡುಗ.

ಮೂವತ್ತರ ಆಸುಪಾಸಿನ ಮಹಿಳೆ. ಆರು ವರ್ಷದ ಮಗ, ನಾಲ್ಕು ತುಂಬಿದ ಮಗಳು. ಉದ್ಯೋಗ ಬಿಟ್ಟು ಮತ್ತೆ ಸೇರಿಕೊಂಡವರು. ಗಂಡ ಒಳ್ಳೆಯ ಮನುಷ್ಯ, ಮಾತಿನಲ್ಲಿ ಸ್ವಲ್ಪ ಅವಸರ. ಹಿನ್ನೆಲೆಯ ಬಗ್ಗೆ ಇಷ್ಟು ಸಾಕು.

ಇಂಥವರು ಬಂದಾಗ ಮೊದಲು ನೋಡಬೇಕಾದದ್ದು ಅದು ಬರಿಯ ದುಃಖವೋ ಖಿನ್ನತೆಯೋ ಎಂಬುದನ್ನು. ಎರಡು ವಾರಗಳಿಗೂ ಮೀರಿ ದಿನದ ಬಹುಪಾಲು ಮನಸ್ಸು ಕುಗ್ಗಿಯೇ ಇರುವುದು, ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಉಳಿಯದಿರುವುದು, ಹಸಿವು ಮತ್ತು ನಿದ್ದೆ ಕೆಡುವುದು, ತಾನು ಯಾವುದಕ್ಕೂ ಬಾರದವಳೆಂಬ ಭಾವನೆ, ಸಾಯಬೇಕೆಂಬ ಯೋಚನೆ, ಇವುಗಳಲ್ಲಿ ಕೆಲವು ಒಟ್ಟಾಗಿ ಕಂಡರೆ ಆಪ್ತಸಲಹೆಯೊಂದನ್ನೇ ನಂಬಿ ಕೂರದೆ ಮನೋವೈದ್ಯರ ಬಳಿಗೆ ಕಳುಹಿಸಬೇಕು. ಕೊನೆಯದು ಒಂದೇ ಕಂಡರೂ ಅಂದೇ ಕಳುಹಿಸಬೇಕು. ಇವರಲ್ಲಿ ಅವು ಇರಲಿಲ್ಲ. ಕೆಲಸಕ್ಕೆ ಹೋಗುತ್ತಿದ್ದರು, ನಗುತ್ತಿದ್ದರು, ಮಕ್ಕಳೊಂದಿಗೆ ಆಡುತ್ತಿದ್ದರು. ಆದರೆ ಮಗನ ಅಂಗಿಯ ಗುಂಡಿ ಹಾಕಲು ಹೋದಾಗ ಅವನು "ನಾನೇ ಹಾಕ್ಕೋತೀನಿ" ಎಂದರೆ ಅವರ ಗಂಟಲು ಕಟ್ಟುತ್ತಿತ್ತು. ಹಳೆಯ ವಿಡಿಯೋಗಳನ್ನು ನೋಡುತ್ತ ನಡುರಾತ್ರಿಯವರೆಗೆ ಎಚ್ಚರವಿರುತ್ತಿದ್ದರು. ಮಗ ಒಂದು ಶಬ್ದವನ್ನು ಮೊದಲಿನಂತೆ ತೊದಲದೆ ಸರಿಯಾಗಿ ಹೇಳಿಬಿಟ್ಟ ದಿನ, ಅವನನ್ನು ಅಪ್ಪಿಕೊಂಡು, "ಇಷ್ಟು ಬೇಗ ದೊಡ್ಡವನಾಗಬೇಡ ಕಂದಾ" ಎಂದು ಅತ್ತಿದ್ದರು.

ಅವರು ತಮ್ಮ ದುಃಖವನ್ನು ವಿವರಿಸಿದ ರೀತಿ ನನಗೆ ಹೊಸದಾಗಿತ್ತು. "ಮೂರು ವರ್ಷದ ನನ್ನ ಮಗ ಎಲ್ಲಿ ಹೋದ ಮೇಡಂ? ಆರು ವರ್ಷದವನು ಎದುರಿಗೇ ಇದ್ದಾನೆ, ಅವನ ಮೇಲೆ ಪ್ರೀತಿಯೂ ಇದೆ. ಆದರೆ ಆ ಮೂರು ವರ್ಷದವನನ್ನು ನಾನು ಯಾರ ಹತ್ತಿರ ಕೇಳಲಿ? ಕಳೆದುಕೊಂಡಿದ್ದೀನಿ ಅಂದರೆ ಎಲ್ಲರೂ ನಗ್ತಾರೆ." ಇನ್ನೊಂದು ಮಾತನ್ನೂ ಸೇರಿಸಿದರು: "ಅವನಿಗೆ ಅದ್ಯಾವುದೂ ನೆನಪಿಲ್ಲ. ನನ್ನ ತೋಳಿನ ಮೇಲೆ ಮಲಗಿದ್ದು, ಜ್ವರದಲ್ಲಿ ನಾನು ರಾತ್ರಿಯಿಡೀ ಎತ್ತಿಕೊಂಡು ಓಡಾಡಿದ್ದು, ಎಲ್ಲ ನನಗೊಬ್ಬಳಿಗೇ ನೆನಪು."

ಇದನ್ನು ಹುಚ್ಚು ಮೋಹವೆಂದು ತಳ್ಳಿಹಾಕುವವರೊಂದಿಗೆ ನನಗೆ ಸಹಮತವಿಲ್ಲ. ಆಕೆ ಹೇಳಿದ್ದು ಅಕ್ಷರಶಃ ನಿಜ. ದೊಡ್ಡವರಲ್ಲಿ ಹೆಚ್ಚಿನವರ ಮೊದಲ ನೆನಪು ಸುಮಾರು ಮೂರರಿಂದ ಮೂರೂವರೆ ವರ್ಷ ವಯಸ್ಸಿನದು. ಅದಕ್ಕಿಂತ ಹಿಂದಿನದು ಉಳಿಯುವುದಿಲ್ಲ. ಐದಾರು ವರ್ಷದ ಮಗು ತಾನು ಮೂರು ವರ್ಷದವನಿದ್ದಾಗಿನ ಎಷ್ಟೋ ಸಂಗತಿಗಳನ್ನು ಹೇಳಬಲ್ಲದು, ಆದರೆ ಎಂಟೊಂಬತ್ತು ವರ್ಷದ ಹೊತ್ತಿಗೆ ಅವುಗಳಲ್ಲಿ ಬಹಳಷ್ಟು ಮಾಸಿಹೋಗಿರುತ್ತವೆ. ಹಾಗಾಗಿ ಆ ವರ್ಷಗಳ ಮಟ್ಟಿಗೆ ತಾಯಿಯೊಬ್ಬಳೇ ಸಾಕ್ಷಿ ಎಂಬುದು ಭಾವುಕತೆಯ ಮಾತಲ್ಲ. ಇಬ್ಬರು ಕೂಡಿ ಬಾಳಿದ ಕಾಲ ಒಬ್ಬರಿಗೆ ಮಾತ್ರ ನೆನಪಿರುವಾಗ, ನೆನಪಿರುವವರಿಗೆ ಒಂಟಿತನ ಅನಿಸದೆ ಇರುತ್ತದೆಯೇ? ಅತ್ತರೆ ಅಳಲಿ ಎಂದೇ ನಾನು ಮೊದಲ ಭೇಟಿಗಳಲ್ಲಿ ಬಿಟ್ಟಿದ್ದೆ. ಅದರ ಬಗ್ಗೆ ನನಗೆ ಈಗಲೂ ತಕರಾರಿಲ್ಲ.

ವಿಷಯ ತಿರುಗಿದ್ದು ಅವರು ಸಿಟ್ಟಿನಿಂದ ಬಂದ ದಿನ. ಕೂರುವ ಮೊದಲೇ, "ಅವನು ಎಲ್ಲರಿಗೂ ಹೇಳಿದ್ದಾನೆ, ನನಗೊಬ್ಬಳಿಗೆ ಹೇಳಿಲ್ಲ" ಎಂದರು. ಮಗನ ಕೆಳದವಡೆಯ ಮುಂದಿನ ಹಾಲುಹಲ್ಲು ಅಲ್ಲಾಡಲು ಆರಂಭವಾಗಿತ್ತು. ಸಾಮಾನ್ಯವಾಗಿ ಮೊದಲು ಬೀಳುವುದು ಅದೇ, ವಯಸ್ಸೂ ಸುಮಾರು ಅದೇ. ಹುಡುಗ ಅದನ್ನು ಅಪ್ಪನಿಗೆ ತೋರಿಸಿದ್ದ, ಶಾಲೆಯ ಟೀಚರಿಗೆ ತೋರಿಸಿದ್ದ, ತಂಗಿಗೆ ಬೆರಳಿನಿಂದ ಅಲ್ಲಾಡಿಸಿ ನೋಡಲೂ ಕೊಟ್ಟಿದ್ದ. ಅಮ್ಮ ಹಲ್ಲುಜ್ಜಿಸಲು ಬಂದರೆ ಮಾತ್ರ ತುಟಿ ಬಿಗಿದುಕೊಂಡು, ತಾನೇ ಉಜ್ಜಿಕೊಳ್ಳುತ್ತೇನೆಂದು ಬಚ್ಚಲಿನ ಬಾಗಿಲು ಹಾಕಿಕೊಳ್ಳುತ್ತಿದ್ದ. ಹಲ್ಲು ಬಿದ್ದ ದಿನ ಅದನ್ನು ಕಾಗದದಲ್ಲಿ ಸುತ್ತಿ ಶಾಲೆಯ ಚೀಲದ ಒಳಜೇಬಿನಲ್ಲಿ ಇಟ್ಟಿದ್ದ. ಊಟಕ್ಕೆ ಕೂತಾಗ ತಂಗಿ ಎಲ್ಲವನ್ನೂ ಬಾಯಿಬಿಟ್ಟಿದ್ದಳು.

"ತಂಗಿ ಏನು ಹೇಳಿದಳು? ಅವಳ ಮಾತಿನಲ್ಲೇ ಹೇಳಿ" ಎಂದು ಕೇಳಿದೆ.

ಅವರು ಸ್ವಲ್ಪ ತಡೆದರು. "ಅಣ್ಣ ಹೇಳಿದ್ದ ಅಂತೆ, 'ಹಲ್ಲು ಅಲ್ಲಾಡ್ತಿದೆ ಅಂತ ಅಮ್ಮಂಗೆ ಹೇಳ್ಬೇಡ, ಅಳ್ತಾಳೆ' ಅಂತ."

ಆ ಮಾತನ್ನು ಅವರು ಮಗನ ಮೇಲಿನ ದೂರಾಗಿ ಹೇಳಿದ್ದರು. ನಾನು ಏನೂ ಸೇರಿಸದೆ, ಇನ್ನೊಮ್ಮೆ ಹೇಳಿ ಎಂದೆ. ಎರಡನೆಯ ಸಲ ಹೇಳುವಾಗ ಕೊನೆಯ ಶಬ್ದಕ್ಕೆ ಬಂದು ನಿಂತುಬಿಟ್ಟರು. ಬಹಳ ಹೊತ್ತಿನ ಮೇಲೆ, "ಅವನು ನನ್ನನ್ನ ನೋಡ್ಕೋತಿದ್ದಾನಾ?" ಎಂದು ಕೇಳಿದರು. ನಾನು ಹೌದೆಂದೆ. ಇಂಥ ಕಡೆ ಕೆಲವರು ಪ್ರಶ್ನೆಗೆ ಪ್ರಶ್ನೆಯನ್ನೇ ಉತ್ತರವಾಗಿ ಕೊಡುತ್ತಾರೆ. ನೇರವಾಗಿ ಕೇಳಿದವರಿಗೆ ನೇರವಾಗಿ ಹೇಳುವುದೇ ಮರ್ಯಾದೆ ಎಂದು ನಾನು ನಂಬಿದ್ದೇನೆ.

ಆಮೇಲೆ ಒಂದೊಂದಾಗಿ ಹೊರಬಂದವು. ಸರಿಯಾಗಿ ಹೇಳಲು ಬರುತ್ತಿದ್ದ ಆ ಶಬ್ದವನ್ನು ಹುಡುಗ ಅಮ್ಮನ ಮುಂದೆ ಮತ್ತೆ ತೊದಲಿಸಿ ಹೇಳತೊಡಗಿದ್ದ, ಅಮ್ಮ ಅದಕ್ಕೆ ನಗುತ್ತಿದ್ದರು. ಶಾಲೆಯಲ್ಲಿ ತಾನೇ ಹಾಕಿಕೊಳ್ಳುವ ಗುಂಡಿಗಳಲ್ಲಿ ಮೇಲಿನ ಒಂದನ್ನು ಮನೆಯಲ್ಲಿ ಹಾಗೇ ಬಿಟ್ಟುಕೊಂಡು ಅಮ್ಮನ ಮುಂದೆ ಬಂದು ನಿಲ್ಲುತ್ತಿದ್ದ. ಇದನ್ನೆಲ್ಲ ಅವರು ಅದುವರೆಗೆ, ಇನ್ನೂ ಸ್ವಲ್ಪ ಮಗುವಾಗಿಯೇ ಉಳಿದಿದ್ದಾನೆಂದು ಸಮಾಧಾನದಿಂದ ಹೇಳಿಕೊಂಡಿದ್ದರು. ದೊಡ್ಡವರ ಬಾಯಲ್ಲಿ "ದೊಡ್ಡವನಾಗಬೇಡ" ಎಂಬುದು ಮುದ್ದಿನ ಮಾತು. ಆರು ವರ್ಷದವನ ಕಿವಿಗೆ ಅದು ಬೇಡಿಕೆ. ಆ ವಯಸ್ಸಿನ ಮಕ್ಕಳು ಮನೆಯವರ ಸಂತೋಷ, ಸಿಟ್ಟು, ಅಳು ಎಲ್ಲಕ್ಕೂ ತಾವೇ ಕಾರಣರೆಂದು ತಿಳಿಯುವುದು ಸಹಜ. ಈ ಹುಡುಗ ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಇದ್ದ: ನಾನು ಬೆಳೆದರೆ ಅಮ್ಮ ಅಳುತ್ತಾಳೆ, ಬೆಳೆಯುವುದನ್ನು ನಿಲ್ಲಿಸಲಾಗದು, ಆದ್ದರಿಂದ ಬಚ್ಚಿಡುತ್ತೇನೆ.

ಆ ದಿನ ನಾನು ಸಲಹೆ ಕೊಟ್ಟೆ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರ ಕಾಲದಿಂದಲೂ ಆಪ್ತಸಲಹೆಯಲ್ಲಿ ಒಂದು ಬಲವಾದ ನಂಬಿಕೆ ಇದೆ: ಸಲಹೆಗಾರರು ದಾರಿ ತೋರಿಸಬಾರದು, ಬಂದವರು ತಮ್ಮ ದಾರಿಯನ್ನು ತಾವೇ ಕಂಡುಕೊಳ್ಳುವಂತೆ ಜೊತೆಗಿರಬೇಕು. ವಯಸ್ಕರೊಬ್ಬರ ಸ್ವಂತ ಬದುಕಿನ ವಿಚಾರವಾದರೆ ಈ ತತ್ವಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಆದರೆ ಕೋಣೆಯಲ್ಲಿಲ್ಲದ ಒಂದು ಮಗು ಅದರ ಭಾರ ಹೊರುತ್ತಿರುವಾಗ, ತಾಯಿ ತಾನಾಗಿ ದಾರಿ ಕಂಡುಕೊಳ್ಳಲಿ ಎಂದು ತಿಂಗಳುಗಟ್ಟಲೆ ಕಾಯುವುದು ನನಗೆ ಒಪ್ಪಿಗೆಯಿಲ್ಲ. ಈ ವೃತ್ತಿಯಲ್ಲಿರುವ ಸ್ನೇಹಿತೆಯೊಬ್ಬರು, "ಮತ್ತೆ ತಾಯಿಯ ಮೇಲೇ ತಪ್ಪು ಹೊರಿಸಿದಂತಾಯಿತಲ್ಲ" ಎಂದು ಆಕ್ಷೇಪಿಸಿದರು. ತಪ್ಪು ಹೊರಿಸುವ ಮಾತೇ ಇಲ್ಲ. ದುಃಖ ಆಕೆಯ ಹಕ್ಕು. ಅದನ್ನು ಯಾರ ಕೈಗೆ ಕೊಡಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ಮೊದಲ ಸಲಹೆ, ಮಗನೊಂದಿಗೆ ಒಮ್ಮೆ ಮಾತನಾಡುವುದು. ಉದ್ದದ ಭಾಷಣ ಬೇಡ, ಕ್ಷಮೆ ಕೇಳುತ್ತ ಅಳುವುದಂತೂ ಬೇಡವೇ ಬೇಡ. ಅದು ಹುಡುಗನಿಗೆ ಇನ್ನೊಂದು ಕೆಲಸ ಹಚ್ಚಿದಂತಾಗುತ್ತದೆ. ಏನು ಹೇಳಬೇಕೆಂಬುದನ್ನು ಇಬ್ಬರೂ ಕೂತು ಬರೆದೆವು: "ಅಮ್ಮಂಗೆ ಒಂದೊಂದ್ಸಲ ಅಳು ಬರುತ್ತೆ. ಅದು ನಿನ್ನಿಂದ ಅಲ್ಲ. ನೀನು ದೊಡ್ಡವನಾಗೋದು ನೋಡೋಕೆ ನಂಗೆ ಇಷ್ಟ. ಇನ್ನೊಂದು ಹಲ್ಲು ಅಲ್ಲಾಡಿದಾಗ ನಂಗೂ ತೋರಿಸು, ನಾನು ಅತ್ತರೆ ಅಪ್ಪ ನೋಡ್ಕೋತಾರೆ." ಕೊನೆಯ ವಾಕ್ಯ ಬಹಳ ಮುಖ್ಯ. ಅಳುವುದಿಲ್ಲವೆಂದು ಮಾತು ಕೊಟ್ಟು ಮುರಿಯುವುದಕ್ಕಿಂತ, ಅತ್ತರೆ ಅದನ್ನು ನೋಡಿಕೊಳ್ಳುವ ಇನ್ನೊಬ್ಬ ದೊಡ್ಡವರಿದ್ದಾರೆ ಎಂದು ತಿಳಿಸುವುದು ಮಗುವಿಗೆ ಹೆಚ್ಚು ಹಗುರ.

ಆ ವಾಕ್ಯ ಸುಳ್ಳಾಗಬಾರದೆಂದು ಗಂಡನನ್ನು ಒಮ್ಮೆ ಕರೆಸಿದೆ. ಹೆಂಡತಿ ಈ ಮಾತು ಎತ್ತಿದಾಗಲೆಲ್ಲ ಅವರು, "ಬೆಳೀದೇ ಇದ್ದಿದ್ರೆ ಡಾಕ್ಟರ ಹತ್ರ ಓಡಬೇಕಿತ್ತು, ಬೆಳೀತಿದ್ದಾರೆ, ಖುಷಿಪಡು" ಎಂದು ಹೇಳಿ ಮುಗಿಸುತ್ತಿದ್ದರು. ಮಾತು ನಿಜವೇ, ಆದರೆ ಅದನ್ನು ಕೇಳಿದ ಮೇಲೆ ಅವರ ಮುಂದೆ ಅಳಲು ಯಾರಿಗೆ ಮನಸ್ಸು ಬರುತ್ತದೆ? ಹಾಗಾಗಿ ಅಳು ಮಕ್ಕಳ ಕಡೆಗೆ ಹರಿದಿತ್ತು. ಮಕ್ಕಳು ಮಲಗಿದ ಮೇಲೆ ಆಕೆಯ ಜೊತೆ ಕೂತು ಆ ವಿಡಿಯೋಗಳನ್ನು ನೋಡಿ, ಸಮಾಧಾನ ಹೇಳಲು ಹೋಗಬೇಡಿ ಎಂದೆ. ಮುಂದೆ ಗೊತ್ತಾಯಿತು, ಅವರಿಗೂ ಮಗನ ಆ ಧ್ವನಿ ಮರೆತೇಹೋಗಿತ್ತಂತೆ.

ವಿಡಿಯೋಗಳ ಬಗ್ಗೆಯೂ ಒಂದು ಮಾತು ಹೇಳಿದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕಲಾ ಸಂಗ್ರಹಾಲಯ ನೋಡಲು ಹೋದವರು ತಾವು ಫೋಟೋ ತೆಗೆದ ವಸ್ತುಗಳನ್ನು, ಬರಿಗಣ್ಣಿನಿಂದ ನೋಡಿದ ವಸ್ತುಗಳಿಗಿಂತ ಕಡಿಮೆ ನೆನಪಿಟ್ಟುಕೊಂಡಿದ್ದರು. ವಸ್ತುವಿನ ಒಂದು ಭಾಗಕ್ಕೆ ಗುರಿಯಿಟ್ಟು ಹತ್ತಿರದಿಂದ ತೆಗೆದಾಗ ಮಾತ್ರ ಆ ಕೊರತೆ ಕಾಣಲಿಲ್ಲ. ಸಂಗ್ರಹಾಲಯಕ್ಕೂ ಮನೆಗೂ ವ್ಯತ್ಯಾಸವಿದೆ, ಒಪ್ಪುತ್ತೇನೆ. ಆದರೆ ಕಳೆದುಹೋಗುತ್ತದೆಂಬ ಭಯದಿಂದ ಎಲ್ಲವನ್ನೂ ಚಿತ್ರೀಕರಿಸುವವರು, ನೋಡುವ ಕೆಲಸವನ್ನೇ ಫೋನಿಗೆ ಒಪ್ಪಿಸುತ್ತಿಲ್ಲವೇ ಎಂದು ಕೇಳಿಕೊಳ್ಳಬಹುದು. ಅದಕ್ಕಿಂತ ಉಪಯೋಗದ್ದು, ಹಳೆಯದನ್ನು ಮಕ್ಕಳಿಗೆ ಕಥೆಯಾಗಿ ಹೇಳುವುದು. ಮನಶ್ಶಾಸ್ತ್ರಜ್ಞೆ ರಾಬಿನ್ ಫೈವುಷ್ ಮತ್ತಿತರರ ಸಂಶೋಧನೆಯಿಂದ ತಿಳಿದಿರುವುದೇನೆಂದರೆ, ಕಳೆದ ಸಂಗತಿಗಳನ್ನು ವಿವರವಾಗಿ, "ಆಮೇಲೆ ಏನಾಯ್ತು? ನಿಂಗೇನನ್ನಿಸ್ತು?" ಎಂಬಂಥ ಪ್ರಶ್ನೆಗಳೊಂದಿಗೆ ಮಾತನಾಡುವ ತಾಯಂದಿರ ಮಕ್ಕಳು ತಮ್ಮ ಬದುಕನ್ನು ಹೆಚ್ಚು ವಿವರವಾಗಿ ನೆನಪಿಟ್ಟು ಹೇಳಬಲ್ಲವರಾಗುತ್ತಾರೆ. ಹುಡುಗನಿಗೆ ಆ ಜ್ವರದ ರಾತ್ರಿ ನೆನಪಿಗೆ ಬರುವುದಿಲ್ಲ, ಆದರೆ ಆ ಕಥೆ ಅವನದಾಗುತ್ತದೆ. ಆಗ ಸಾಕ್ಷಿ ಒಬ್ಬಳೇ ಎಂಬ ಒಂಟಿತನವೂ ತುಸು ಕಡಿಮೆಯಾಗುತ್ತದೆ. ಹೇಳುವಾಗ "ಆಗ ಎಷ್ಟು ಮುದ್ದಾಗಿದ್ದೆ" ಎಂಬ ಒಂದು ವಾಕ್ಯವನ್ನು ಮಾತ್ರ ಬಿಟ್ಟುಬಿಡಿ ಎಂದೆ, ಏಕೆಂದರೆ ಈಗ ಹಾಗಿಲ್ಲ ಎಂಬ ಅರ್ಥ ಅದರೊಳಗೆ ಕೂತಿರುತ್ತದೆ.

ಇಂಗ್ಲೆಂಡಿನ ಮಕ್ಕಳ ವೈದ್ಯ ಮತ್ತು ಮನೋವಿಶ್ಲೇಷಕ ಡೊನಾಲ್ಡ್ ವಿನ್ನಿಕಾಟ್ 1953ರಲ್ಲಿ ಬರೆದ ಒಂದು ವಿಚಾರ ನನಗೆ ಇಂಥ ಪ್ರಕರಣಗಳಲ್ಲಿ ಆಧಾರ. ತಕ್ಕಮಟ್ಟಿಗೆ ಒಳ್ಳೆಯವಳಾದ ತಾಯಿ ಆರಂಭದಲ್ಲಿ ಮಗುವಿನ ಅಗತ್ಯಗಳಿಗೆ ಹೆಚ್ಚುಕಡಿಮೆ ಪೂರ್ತಿಯಾಗಿ ಹೊಂದಿಕೊಳ್ಳುತ್ತಾಳೆ, ಮಗುವಿನ ತಾಳಿಕೊಳ್ಳುವ ಶಕ್ತಿ ಬೆಳೆದಂತೆ ಆ ಹೊಂದಾಣಿಕೆಯನ್ನು ಸ್ವಲ್ಪಸ್ವಲ್ಪವಾಗಿ ಕಡಿಮೆ ಮಾಡುತ್ತಾಳೆ ಎಂಬುದು ಅದರ ಸಾರ. ಆ ಕಡಿಮೆಯಾಗುವುದೂ ತಾಯ್ತನದ ಕೆಲಸವೇ, ಅದು ತಾಯ್ತನದ ಮುಕ್ತಾಯವಲ್ಲ. ಮೇಲಿನ ಗುಂಡಿಯನ್ನು ಅವನೇ ಹಾಕಿಕೊಳ್ಳುವಾಗ ಎದುರಿಗೆ ನಿಂತು ಸುಮ್ಮನಿರುವುದಕ್ಕೂ ಶ್ರಮ ಬೇಕು. ನೋಡುವವರಿಗೆ ಆ ಶ್ರಮ ಕಾಣುವುದಿಲ್ಲ ಅಷ್ಟೇ.

ಎಲ್ಲವೂ ಕೂಡಲೇ ಸರಿಹೋಗಲಿಲ್ಲ. ಎರಡನೆಯ ಹಲ್ಲು ಅಲ್ಲಾಡಿದಾಗಲೂ ಹುಡುಗ ಮೊದಲು ಹೇಳಿದ್ದು ಅಪ್ಪನಿಗೆ. ಅಮ್ಮನಿಗೆ ಮಾರನೆಯ ದಿನ, ಮುಖವನ್ನೇ ನೋಡುತ್ತ. ಅವರು ಬಾಯೊಳಗೆ ನೋಡಿ, ಮುಟ್ಟಿ, "ನೋಯುತ್ತಾ?" ಎಂದಷ್ಟೇ ಕೇಳಿದರಂತೆ. ಅತ್ತದ್ದು ರಾತ್ರಿ, ಗಂಡನ ಮುಂದೆ. ಇದು ಯಾವಾಗ ಮುಗಿಯುತ್ತದೆ ಎಂದು ನನ್ನನ್ನು ಕೇಳಿದಾಗ, ಹಾಲುಹಲ್ಲುಗಳು ಒಟ್ಟು 20, ಕೊನೆಯದು ಬೀಳುವಾಗ ಸುಮಾರು ಹನ್ನೆರಡು ವರ್ಷ, ಅದರ ಹಿಂದೆಯೇ ಧ್ವನಿ ಒಡೆಯುವ ಕಾಲ ಬರುತ್ತದೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. "ಇವನದು ಇನ್ನೂ ಹದಿನೆಂಟು, ಅವಳದು ಪೂರ್ತಿ ಇಪ್ಪತ್ತು" ಎಂದು ಲೆಕ್ಕ ಹಾಕಿ ನಕ್ಕರು.

ಒಂದು ಸಲಹೆಯನ್ನು ಮಾತ್ರ ಅವರು ಒಪ್ಪಲಿಲ್ಲ. ಮಗಳು ಇನ್ನೂ ತೊದಲುತ್ತಿರುವ ಕೆಲವು ಶಬ್ದಗಳನ್ನು ಧ್ವನಿಮುದ್ರಿಸಿಕೊಳ್ಳುವುದನ್ನು ಸ್ವಲ್ಪ ದಿನ ನಿಲ್ಲಿಸಿ ನೋಡಿ ಎಂದಿದ್ದೆ. "ಅದೊಂದು ಆಗಲ್ಲ ಮೇಡಂ" ಎಂದರು. ಅವಳ ಮುಂದೆ ಫೋನು ಹಿಡಿದು ಮತ್ತೆ ಮತ್ತೆ ಹೇಳು ಎಂದು ಕೇಳುವುದಿಲ್ಲ, ಆಟದ ನಡುವೆ ತಾನಾಗಿ ಬಂದರೆ ಮಾತ್ರ ಎಂದು ಒಪ್ಪಂದ ಮಾಡಿಕೊಂಡು, ಆ ಭೇಟಿಗೆ ಪ್ರಕರಣವನ್ನು ಮುಗಿಸಿದೆವು.