ಮಗನ ಹಾಲುಹಲ್ಲು ಎತ್ತಿಟ್ಟರೆ ತಾತನ ಪಾರ್ಕಿನ್ಸನ್ಸ್‌ಗೆ ಬರುತ್ತಾ?

"ಮಗನಿಗೆ 7 ವರ್ಷ, ಮುಂದಿನ ಹಾಲುಹಲ್ಲು ಅಲ್ಲಾಡ್ತಿದೆ. ಅದರ ಸ್ಟೆಮ್ ಸೆಲ್ ಬ್ಯಾಂಕಿನಲ್ಲಿಟ್ಟರೆ ಮುಂದೆ ನರದ ಕಾಯಿಲೆ, ಮೆದುಳಿನ ಕಾಯಿಲೆಗೆಲ್ಲ ಆಗುತ್ತದಂತೆ. ನಮ್ಮ ಮಾವನಿಗೆ ಪಾರ್ಕಿನ್ಸನ್ಸ್ ಇದೆ. ಅವರಿಗೂ ಉಪಯೋಗ ಆಗಬಹುದಾ?" ಎಂದು ಕೇಳಿದ್ದೀರಿ.

ಮೊದಲು ಉತ್ತರ ಹೇಳಿಬಿಡುತ್ತೇನೆ. ಕೋಶ ಕಾದಿಡುವ ಆ ಬ್ಯಾಂಕಿಗೆ ದುಡ್ಡು ಕಟ್ಟಬೇಡಿ. ಮಾವನವರಿಗೆ ಅದರಿಂದ ಏನೂ ಆಗುವುದಿಲ್ಲ. ಹಾಗಂತ ಹಲ್ಲಿನ ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ, ಬರೀ ಬೊಗಳೆ ಅಂದುಕೊಳ್ಳಬೇಡಿ. ವಿಜ್ಞಾನ ನಿಜ, ಮಾರುವವರ ಮಾತು ಅದಕ್ಕಿಂತ ಬಹಳ ಮುಂದೆ ಓಡುತ್ತಿದೆ, ಅಷ್ಟೇ.

ನಾನು ಹಲ್ಲಿನ ಡಾಕ್ಟರು. ರೂಟ್ ಕೆನಾಲ್ ನನಗೆ ದಿನನಿತ್ಯದ ಕೆಲಸ. ಹಲ್ಲಿಗೆ ತೂತು ಮಾಡಿ, ಒಳಗೆ ಸಣ್ಣ ಮುಳ್ಳುಸೂಜಿ ಇಳಿಸಿ, ತಿರುಗಿಸಿ ಎಳೆದರೆ ಕೆಲವು ಸಲ ಒಳಗಿನ ತಿರುಳು ಇಡಿಯಾಗಿ ಬರುತ್ತದೆ. ನೆನೆದ ಕೆಂಪು ನೂಲಿನ ತುಂಡಿನ ಹಾಗೆ, ಉದ್ದ ಒಂದು ಸೆಂಟಿಮೀಟರ್ ಚಿಲ್ಲರೆ. ತೋರಿಸಿದರೆ ಪೇಷಂಟ್ "ಇದೇನಾ ಡಾಕ್ಟ್ರೇ ಇಷ್ಟು ದಿನ ನಿದ್ದೆ ಕೆಡಿಸಿದ್ದು?" ಅನ್ನುತ್ತಾರೆ. ಅದೇ ಪಲ್ಪ್. ಗಾಜ್ ಬಟ್ಟೆಗೆ ಒರೆಸಿ ಹಳದಿ ಚೀಲಕ್ಕೆ ಹಾಕುತ್ತೇವೆ. ನೀವು ಕೇಳುತ್ತಿರುವ ಸ್ಟೆಮ್ ಸೆಲ್ ಇರುವುದು ಅದರೊಳಗೇ.

ಇದನ್ನು ಮೊದಲು ಹೊರತೆಗೆದು ತೋರಿಸಿದ್ದು 2000ರಲ್ಲಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಸ್ಟಾನ್ ಗ್ರೊಂಥೋಸ್, ಸಾಂಗ್‌ಟಾವ್ ಶಿ ಮತ್ತು ಅವರ ಜೊತೆಗಾರರು. ದೊಡ್ಡವರ ಬುದ್ಧಿಹಲ್ಲಿನಿಂದ. ಶಿ ಮಕ್ಕಳ ದಂತವೈದ್ಯರೂ ಹೌದು. ಅವರ ಆರು ವರ್ಷದ ಮಗಳ ಹಲ್ಲು ಬಿದ್ದಾಗ ನೋಡಿದರೆ ಒಳಗೆ ಇನ್ನೂ ಸ್ವಲ್ಪ ಕೆಂಪು ತಿರುಳು ಉಳಿದಿತ್ತು. ಅಲ್ಲಿಂದ ಶುರುವಾದ ಕೆಲಸ 2003ರಲ್ಲಿ ಪ್ರಕಟವಾಯಿತು: ಹಾಲುಹಲ್ಲಿನಲ್ಲೂ ಸ್ಟೆಮ್ ಸೆಲ್ ಇದೆ. ಎಷ್ಟು ಗೊತ್ತಾ? ಒಂದು ಹಲ್ಲಿಗೆ ಸುಮಾರು 12ರಿಂದ 20. ಲಕ್ಷ ಅಲ್ಲ, ಸಾವಿರ ಅಲ್ಲ. ಆದರೆ ಲ್ಯಾಬಿನಲ್ಲಿ ಅವು ಜೋರಾಗಿ ಬೆಳೆಯುತ್ತವೆ, ಅದೇ ಅವುಗಳ ವಿಶೇಷ.

ಹಲ್ಲಿಗೂ ಮೆದುಳಿಗೂ ಎತ್ತಣ ಸಂಬಂಧ ಅನ್ನಿಸಬಹುದು. ಸಂಬಂಧ ಇದೆ. ಹೊಟ್ಟೆಯಲ್ಲಿ ಮಗು ಇನ್ನೂ ಅಕ್ಕಿಕಾಳಿನಷ್ಟು ಇರುವಾಗ ಬೆನ್ನಿನ ಕಡೆ ಒಂದು ಕೊಳವೆ ಮುಚ್ಚಿಕೊಳ್ಳುತ್ತದೆ. ಮುಂದೆ ಮೆದುಳು, ಬೆನ್ನುಹುರಿ ಆಗುವುದು ಅದೇ. ಅದರ ಅಂಚಿನಿಂದ ಒಂದಷ್ಟು ಕೋಶಗಳು ಎದ್ದು ವಲಸೆ ಹೊರಡುತ್ತವೆ. ಕೆಲವು ನರಗಳಾಗುತ್ತವೆ, ಕೆಲವು ನರದ ಹೊದಿಕೆ, ಕೆಲವು ಮುಖದ ಮೂಳೆ, ಕೆಲವು ಹಲ್ಲಿನ ತಿರುಳು. ಅಂದರೆ ತಿರುಳಿಗೂ ನರಕ್ಕೂ ತವರು ಒಂದೇ. ನರಗಳು ಬೆಳೆಯಲು ಬೇಕಾದ ಪ್ರೋಟೀನುಗಳನ್ನು ತಿರುಳಿನ ಕೋಶಗಳು ತಾವಾಗಿಯೇ ಸುರಿಸುತ್ತಿರುತ್ತವೆ.

ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಪ್ರಯೋಗ ಓದಿದಾಗ ನನಗೂ ಮೈ ಜುಂ ಅಂದಿತ್ತು. ಇಲಿಗಳ ಬೆನ್ನುಹುರಿಯನ್ನು ಪೂರ್ತಿ ಕತ್ತರಿಸಿ, ಆ ಜಾಗಕ್ಕೆ ಮನುಷ್ಯರ ಹಲ್ಲಿನ ಸ್ಟೆಮ್ ಸೆಲ್ ಇಟ್ಟರು. ಕೆಲವು ವಾರಗಳಲ್ಲಿ ಹಿಂಗಾಲು ಚೆನ್ನಾಗಿಯೇ ಆಡಿಸತೊಡಗಿದವು. ಮೂಳೆಮಜ್ಜೆಯ ಕೋಶ ಕೊಟ್ಟ ಇಲಿಗಳು ಅಷ್ಟು ಚೇತರಿಸಿಕೊಳ್ಳಲಿಲ್ಲ.

ಇಲ್ಲೇ ಎಲ್ಲರೂ ತಪ್ಪು ತಿಳಿಯುವುದು. ಹಲ್ಲಿನ ಕೋಶ ಹೋಗಿ ಸತ್ತ ನರದ ಜಾಗದಲ್ಲಿ ಹೊಸ ನರವಾಗಿ ಕೂತುಬಿಡುತ್ತದೆ ಅಂದುಕೊಳ್ಳುತ್ತಾರೆ. ಹೆಚ್ಚಿನಂಶ ಹಾಗಲ್ಲ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಸ್ಟ್ರೋಕ್ ಆದ ಇಲಿಗಳ ಮೆದುಳಿಗೆ ಈ ಕೋಶ ಹಾಕಿ ನೋಡಿದರು. ನಾಲ್ಕು ವಾರದ ಹೊತ್ತಿಗೆ ನೂರಕ್ಕೆ ಎರಡೋ ಮೂರೋ ಮಾತ್ರ ಬದುಕಿದ್ದವು. ಆದರೂ ಇಲಿಗಳು ಸುಧಾರಿಸಿದ್ದವು! ಹಾಗಾದರೆ ಸುಧಾರಿಸಿದ್ದು ಹೇಗೆ? ಬಾಣಂತನಕ್ಕೆ ಬರುವ ಅಜ್ಜಿಯನ್ನು ನೆನೆಸಿಕೊಳ್ಳಿ. ಹೆರುವವಳು ಅವಳಲ್ಲ. ಬಂದು ನೀರೆರೆದು, ಪಥ್ಯ ನೋಡಿ, ಕೈಕಾಲು ನೀವಿ, ತಿಂಗಳಾದ ಮೇಲೆ ಊರಿಗೆ ಹೊರಡುತ್ತಾಳೆ. ಈ ಕೋಶಗಳದ್ದೂ ಬಹುಪಾಲು ಅದೇ ಕೆಲಸ: ಉರಿಯೂತ ತಗ್ಗಿಸುವುದು, ಸಾಯುತ್ತಿರುವ ನರವನ್ನು ಉಳಿಸುವುದು, ತುಂಡಾದ ಎಳೆ ಮತ್ತೆ ಬೆಳೆಯದಂತೆ ತಡೆಯುವ ಸಂಕೇತಗಳನ್ನು ಅಡಗಿಸುವುದು. ನಗೋಯಾದವರು 2015ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಲ್ಝೈಮರ್ಸ್ (ಮರೆವಿನ ಕಾಯಿಲೆ) ಮಾದರಿಯ ಇಲಿಗಳಿಗೆ ಕೋಶವನ್ನೇ ಕೊಡಲಿಲ್ಲ. ಹಾಲುಹಲ್ಲಿನ ಕೋಶ ಬೆಳೆಸಿದ ದ್ರವವನ್ನು ಮಾತ್ರ ಮೂಗಿಗೆ ಬಿಟ್ಟರು. ಅದರಿಂದಲೇ ನೆನಪಿನ ಪರೀಕ್ಷೆಯಲ್ಲಿ ಸುಧಾರಣೆ ಕಂಡಿತು.

ಈಗ ಮಾವನವರ ವಿಷಯಕ್ಕೆ ಬರೋಣ. ಬಾಣಂತನ ಮಾಡುವುದಕ್ಕೆ ಬಾಣಂತಿ ಇರಬೇಕಲ್ವಾ? ನಗೋಯಾದ ಇಲಿಗಳಿಗೆ ಕೋಶ ಇಟ್ಟದ್ದು ಬೆನ್ನುಹುರಿ ಕತ್ತರಿಸಿದ ಕೂಡಲೇ. ಸ್ಟ್ರೋಕ್‌ಗೆಂದು ಜಪಾನಿನಲ್ಲಿ ಮನುಷ್ಯರ ಮೇಲೆ ನಡೆದ ಪ್ರಯೋಗದಲ್ಲೂ ದಾನಿಗಳ ಹಲ್ಲಿನ ಕೋಶವನ್ನು ರಕ್ತನಾಳಕ್ಕೆ ಕೊಟ್ಟಿದ್ದು ಸ್ಟ್ರೋಕ್ ಆದ 48 ಗಂಟೆಯೊಳಗೆ. ಪಾರ್ಕಿನ್ಸನ್ಸ್ ಹಾಗಲ್ಲ. ಕೈ ನಡುಗಲು ಶುರುವಾಗುವ ಹೊತ್ತಿಗೇ ಮೈಯ ಚಲನೆಯನ್ನು ಹತೋಟಿಯಲ್ಲಿಡುವ ಡೋಪಮೈನ್ ಎಂಬ ರಾಸಾಯನಿಕ ಮಾಡುವ ಮೆದುಳಿನ ಕೋಶಗಳು ಬಹಳಷ್ಟು ಹೋಗಿಬಿಟ್ಟಿರುತ್ತವೆ. ಅಲ್ಲಿ ಆರೈಕೆಯಷ್ಟೇ ಸಾಲದು, ಹೊಸ ಕೋಶವೇ ಬೇಕು. ಆ ದಾರಿಯಲ್ಲಿ ಹೆಚ್ಚು ಮುಂದೆ ಹೋದವರಲ್ಲಿ ಕ್ಯೋಟೋ ವಿಶ್ವವಿದ್ಯಾಲಯದವರು ಒಬ್ಬರು. 2025ರಲ್ಲಿ ಏಳು ಜನ ರೋಗಿಗಳ ವಿವರ ಪ್ರಕಟಿಸಿದರು. ಮೆದುಳಿಗೆ ಹಾಕಿದ ಕೋಶ ಉಳಿದು ಡೋಪಮೈನ್ ಮಾಡುತ್ತಿತ್ತು, ಗಡ್ಡೆ ಬೆಳೆದಿರಲಿಲ್ಲ. ಆದರೆ ಅವು ದಾನಿಯ ಕೋಶವನ್ನು ಲ್ಯಾಬಿನಲ್ಲಿ ಮೂಲಸ್ಥಿತಿಗೆ ತಂದು, ಆಮೇಲೆ ಡೋಪಮೈನ್ ಕೋಶದ ದಾರಿಗೆ ಹಚ್ಚಿದವು. ಹಾಲುಹಲ್ಲಿಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನು ಬ್ಯಾಂಕು. ಕೆಲವು ವರ್ಷದ ಹಿಂದೆ ನನ್ನ ಕ್ಲಿನಿಕ್ಕಿಗೂ ಒಬ್ಬ ಹುಡುಗ ಬಂದಿದ್ದ. ಇಸ್ತ್ರಿ ಶರ್ಟು, ಕೈಯಲ್ಲಿ ಟ್ಯಾಬ್. ಒಂದೊಂದು ಮಗುವಿಗೂ ನನಗೆ ಇಷ್ಟು ಕಮಿಷನ್ ಅಂದ. "ಈ ಹಲ್ಲಿನಿಂದ ಇಲ್ಲಿವರೆಗೆ ಯಾವ ಪೇಷಂಟಿಗೆ ಏನು ವಾಸಿಯಾಗಿದೆ, ಒಬ್ಬರನ್ನು ಹೇಳಪ್ಪ" ಅಂದೆ. ಟ್ಯಾಬಿನಲ್ಲಿ ಅದಕ್ಕೆ ಸ್ಲೈಡ್ ಇರಲಿಲ್ಲ. ಕಾಫಿ ಕುಡಿಸಿ ಕಳಿಸಿದೆ. ಅವನದೇನು ತಪ್ಪು, ಪಾಪ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಈ ವಿಷಯದಲ್ಲಿ ಖಡಕ್ಕಾಗಿದೆ. ಹೊಕ್ಕುಳಬಳ್ಳಿಯ ರಕ್ತ ಬಿಟ್ಟರೆ ಹಲ್ಲು, ಕೊಬ್ಬು ಇಂಥವನ್ನೆಲ್ಲ ದುಡ್ಡು ತಗೊಂಡು ಬ್ಯಾಂಕಿನಲ್ಲಿಡಲು ಅದು ಒಪ್ಪುವುದಿಲ್ಲ. ಇನ್ನೊಂದು ವಿಷಯ ಬ್ಯಾಂಕಿನವರು ಹೇಳುವುದಿಲ್ಲ. ವಾರಗಟ್ಟಲೆ ಅಲ್ಲಾಡಿ, ಕೊನೆಗೆ ಚಕ್ಕುಲಿ ಕಚ್ಚುವಾಗ ಉದುರುವ ಹಲ್ಲಿನಲ್ಲಿ ತಿರುಳು ಬಹುಪಾಲು ಒಣಗಿರುತ್ತದೆ. ಒಳಗೆ ರಕ್ತ ಓಡುತ್ತಿರುವಾಗಲೇ ಕೀಳಬೇಕು. ಸುಮ್ನೆ ಮಗುವಿಗೆ ಅದೊಂದು ನೋವು ಬೇರೆ.

ಹಾಲುಹಲ್ಲಿನ ಕೋಶದಿಂದ ಮನುಷ್ಯರಿಗೆ ನಿಜವಾಗಿ ಆದ ಉಪಕಾರ ಯಾವುದು ಗೊತ್ತಾ? ಹಲ್ಲಿಗೇ! ಚೀನಾದ ಶಿಯಾನ್‌ನಲ್ಲಿ, ಬಿದ್ದು ಮುಂದಿನ ಶಾಶ್ವತ ಹಲ್ಲಿಗೆ ಏಟಾಗಿ ಒಳಗಿನ ತಿರುಳು ಸತ್ತ ಮಕ್ಕಳನ್ನು ತೆಗೆದುಕೊಂಡರು. ಅವರದೇ ಹಾಲುಹಲ್ಲಿನ ಕೋಶ ಬೆಳೆಸಿ ಆ ಹಲ್ಲಿಗೆ ತುಂಬಿದರು. 2018ರಲ್ಲಿ ಪ್ರಕಟವಾಯಿತು. ಪ್ರಯೋಗಕ್ಕೆ ಸೇರಿದ 40 ಮಕ್ಕಳಲ್ಲಿ 30 ಮಂದಿಗೆ ಈ ಚಿಕಿತ್ಸೆ. ಸತ್ತ ಹಲ್ಲಿನೊಳಗೆ ಮತ್ತೆ ರಕ್ತ ಓಡಿತು, ಬೇರು ಬೆಳೆಯಿತು, ಸ್ಪರ್ಶ ಮರಳಿತು. ಇಪ್ಪತ್ತು ವರ್ಷ ಸತ್ತ ತಿರುಳು ಕೆರೆದು ಹೊರಹಾಕಿದವನಿಗೆ ಇದು ಬೆನ್ನುಹುರಿಯ ಸುದ್ದಿಗಿಂತ ದೊಡ್ಡದು. ಆದರೂ ಇದು ನಿಮ್ಮೂರಿನ ಕ್ಲಿನಿಕ್ಕಿಗೆ ಇನ್ನೂ ಬಂದಿಲ್ಲ.

ಮಗನ ಹಲ್ಲು ತಾನಾಗಿ ಬೀಳಲಿ. ನಮ್ಮಜ್ಜಿ ಸಗಣಿ ಉಂಡೆಯಲ್ಲಿ ಹುದುಗಿಸಿ ಹಂಚಿನ ಮೇಲೆ ಎಸೆಸುತ್ತಿದ್ದರು. ನಿಮ್ಮದು ಆರ್‌ಸಿಸಿ ಮನೆಯಾದರೆ ಟೆರೇಸು.

ಮಾವನವರನ್ನು ಮಾತ್ರ ಒಮ್ಮೆ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಪಾರ್ಕಿನ್ಸನ್ಸ್ ಇರುವವರಿಗೆ ಕೈ ನಡುಗಿ ಬ್ರಷ್ ಸರಿಯಾಗಿ ಆಡುವುದಿಲ್ಲ. ಮಾತ್ರೆಗಳಿಂದ ಬಾಯಿ ಒಣಗಿ ಹುಳುಕು ಜಾಸ್ತಿ ಆಗುತ್ತದೆ. ಬ್ರಷ್ಷಿನ ಹಿಡಿಗೆ ಸೈಕಲ್ ಹ್ಯಾಂಡಲ್ಲಿನ ರಬ್ಬರ್ ಗ್ರಿಪ್ ಹಾಕಿಕೊಡಿ, ಇಲ್ಲ ಬ್ಯಾಟರಿ ಬ್ರಷ್ ಕೊಡಿಸಿ. ಅಪಾಯಿಂಟ್‌ಮೆಂಟ್ ಬೆಳಿಗ್ಗೆಗೆ ತಗೊಳ್ಳಿ, ಪಾರ್ಕಿನ್ಸನ್ಸ್ ಮಾತ್ರೆ ನುಂಗಿ ಒಂದು, ಒಂದೂವರೆ ಗಂಟೆ ಆಗಿರಲಿ. ಆಗ ನಡುಕ ಕಡಿಮೆ ಇರುತ್ತದೆ, ಬಾಯಿ ತೆರೆದು ಕೂರುವುದು ಅವರಿಗೂ ಸುಲಭ, ನಮಗೂ ಸುಲಭ.