ಚದುರಿದ ಮನಸ್ಸು, ಮೊದಲಿನ ಪ್ರೀತಿ

ಕ್ರೈಸ್ತ ವಿಶ್ವಾಸ ಜೀವನದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ನಮ್ಮ ಬಳಗದ ಉತ್ತರಗಳು ಇಲ್ಲಿವೆ. ಈ ಸಲದ ಪತ್ರಗಳಲ್ಲಿ ಬಹುಪಾಲು ಒಂದೇ ಸಂಕಟವನ್ನು ಬೇರೆ ಬೇರೆ ಬಗೆಯಲ್ಲಿ ಹೇಳಿಕೊಂಡಿವೆ: ದೇವರಲ್ಲಿ ನಂಬಿಕೆಯಿದೆ, ಆದರೆ ಆತನ ಸನ್ನಿಧಿಯಲ್ಲಿ ಹತ್ತು ನಿಮಿಷ ಕೂರಲು ಆಗುತ್ತಿಲ್ಲ.

ಪ್ರಶ್ನೆ: ಬೆಳಿಗ್ಗೆ ಮೊಬೈಲಿನಲ್ಲೇ ಸತ್ಯವೇದ (ಬೈಬಲ್) ಓದುತ್ತೇನೆ. ಐದು ನಿಮಿಷ ಆಗುವಷ್ಟರಲ್ಲಿ ಯಾವುದೋ ಮೆಸೇಜ್ ಬಂದು ಮನಸ್ಸು ಅತ್ತ ಹೋಗಿರುತ್ತದೆ. ಅದನ್ನು ಪಕ್ಕಕ್ಕಿಟ್ಟು ಕಣ್ಣು ಮುಚ್ಚಿದರೂ ಯೋಚನೆಗಳು ನಿಲ್ಲುವುದಿಲ್ಲ. ನನ್ನ ಭಕ್ತಿಯಲ್ಲೇ ಕೊರತೆಯಿದೆಯೇ?

ಭಕ್ತಿ ಕಡಿಮೆಯಾಗಿದೆ ಎಂದು ತೀರ್ಮಾನಿಸುವ ಮೊದಲು ನೀವು ಕೂರುವ ಏರ್ಪಾಡನ್ನು ಸರಿಪಡಿಸಿ. ಮನಸ್ಸು ಅಲೆಯುವುದು ಮೊಬೈಲಿನಿಂದ ಶುರುವಾದದ್ದಲ್ಲ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಇವಾಗ್ರಿಯಸ್ ಇದನ್ನು ಕಣ್ಣಿಗೆ ಕಟ್ಟುವಂತೆ ಬರೆದಿಟ್ಟಿದ್ದಾರೆ. ಕೋಣೆಯಲ್ಲಿ ಕೂತ ಸನ್ಯಾಸಿ ಹೊತ್ತು ಎಷ್ಟಾಯಿತೆಂದು ಮತ್ತೆ ಮತ್ತೆ ಸೂರ್ಯನನ್ನು ನೋಡುತ್ತಾನೆ, ಯಾರಾದರೂ ಬರುತ್ತಿದ್ದಾರೆಯೇ ಎಂದು ಹೊರಗೆ ಇಣುಕುತ್ತಾನೆ, ಕೊನೆಗೆ ತಾನಿರುವ ಜಾಗವೇ ಬೇಡವೆನಿಸುತ್ತದೆ. ಎದ್ದು ಹೋಗದೆ ಅಲ್ಲೇ ತಾಳಿಕೊಂಡು ಕೂರಬೇಕು ಎಂಬುದು ಅವರು ಕೊಟ್ಟ ಮುಖ್ಯ ಮದ್ದು.

ನಮ್ಮ ಕಾಲದ ತೊಂದರೆಯೆಂದರೆ ಇಣುಕುವ ಕಿಟಕಿ ಕೈಯಲ್ಲೇ ಇದೆ, ಅದರೊಳಗೇ ಸತ್ಯವೇದವೂ ಇದೆ. ಆದ್ದರಿಂದ ಮೊದಲು ಇವೆರಡನ್ನು ಬೇರೆ ಮಾಡಿ. ಓದಲು ಅಚ್ಚಾದ ಪ್ರತಿ ಇಟ್ಟುಕೊಳ್ಳಿ. ಮೊಬೈಲನ್ನು ರಾತ್ರಿಯೇ ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ, ಏಳಲು ಅಲಾರಂ ಗಡಿಯಾರ ಬಳಸಿ. ಹೆಚ್ಚಿನವರು ಎಡವುವುದು ಇಲ್ಲೇ: ಅಲಾರಂ ನಿಲ್ಲಿಸಲು ಕೈ ಮೊಬೈಲಿಗೆ ಹೋಯಿತೆಂದರೆ ಕಣ್ಣು ಮೆಸೇಜುಗಳಿಗೆ ಹೋಗುತ್ತದೆ. ‘ಪ್ರಾರ್ಥನಾ ಗುಂಪಿನದ್ದು ಮಾತ್ರ ನೋಡಿಬಿಡೋಣ’ ಎಂದು ತೆರೆದರೂ ಆಗುವುದು ಅದೇ. ದೃಷ್ಟಿದೋಷವಿದ್ದು ಅಕ್ಷರ ದೊಡ್ಡದು ಮಾಡಿಕೊಂಡು ಮೊಬೈಲಿನಲ್ಲೇ ಓದಬೇಕಾದವರು ಹಿಂದಿನ ರಾತ್ರಿ ಸತ್ಯವೇದವನ್ನು ಡೌನ್‌ಲೋಡ್ ಮಾಡಿಟ್ಟು, ಬೆಳಿಗ್ಗೆ ಏರ್‌ಪ್ಲೇನ್ ಮೋಡ್‌ನಲ್ಲಿ ತೆರೆಯಲಿ.

ಆರಂಭಕ್ಕೆ ಹದಿನೈದು ನಿಮಿಷ ಸಾಕು. ದಿನವೂ ಅದೇ ಜಾಗ, ಅದೇ ಹೊತ್ತು ಇರಲಿ. ಎರಡು ನಿಮಿಷ ಸುಮ್ಮನೆ ಕುಳಿತು ‘ಕರ್ತನೇ, ನಿನ್ನ ಮುಂದೆ ಇದ್ದೇನೆ’ ಎನ್ನಿ. ಆಮೇಲೆ ಹತ್ತು ಹದಿನೈದು ವಚನಗಳ ಒಂದು ಭಾಗವನ್ನು ತುಟಿ ಅಲುಗಿಸಿ, ನಿಧಾನವಾಗಿ ಎರಡು ಸಲ ಓದಿ. ಕಣ್ಣಷ್ಟೇ ಓಡಿದರೆ ಮನಸ್ಸು ಬೇರೆ ಕಡೆ ಹೋಗುವುದು ಸುಲಭ. ದನಿ ಸೇರಿದರೆ ಕಷ್ಟ. ಹನ್ನೆರಡನೆಯ ಶತಮಾನದ, ಏಕಾಂತದಲ್ಲಿ ಬಾಳುವ ಕಾರ್ತೂಸಿಯನ್ ಪಂಥದ ಸನ್ಯಾಸಿ ಎರಡನೆಯ ಗೀಗೊ ಇಂಥ ಓದಿಗೆ ನಾಲ್ಕು ಮೆಟ್ಟಿಲು ಹೇಳಿದ್ದಾರೆ: ಓದು, ಮನನ, ಪ್ರಾರ್ಥನೆ, ಮೌನವಾಗಿ ದೇವರಲ್ಲಿ ನೆಲೆಸುವುದು. ಓದಿದ್ದರಲ್ಲಿ ಮನಸ್ಸನ್ನು ಹಿಡಿದು ನಿಲ್ಲಿಸಿದ ಒಂದು ಮಾತನ್ನು ತೆಗೆದುಕೊಂಡು ‘ಇದು ನನಗೆ ಏನು ಹೇಳುತ್ತಿದೆ?’ ಎಂದು ಕೇಳಿ, ಅದನ್ನೇ ಪ್ರಾರ್ಥನೆಯಾಗಿ ದೇವರಿಗೆ ಹಿಂದಿರುಗಿಸಿ, ಕೊನೆಗೆ ಒಂದು ನಿಮಿಷ ಏನನ್ನೂ ಕೇಳದೆ ಇರಿ. ಮಾರ್ಕನ ಸುವಾರ್ತೆಯಿಂದ ಶುರುಮಾಡಿ. ಹದಿನಾರೇ ಅಧ್ಯಾಯ, ಚಿಕ್ಕ ಚಿಕ್ಕ ಘಟನೆಗಳು, ಯೇಸು ಎದುರಿಗೇ ನಡೆದು ಹೋಗುವ ಹಾಗಿದೆ.

ನಡುವೆ ಬರುವ ಯೋಚನೆಗಳ ಜೊತೆ ಗುದ್ದಾಡಬೇಡಿ. ಪಕ್ಕದಲ್ಲಿ ಒಂದು ಚೀಟಿ, ಪೆನ್ಸಿಲ್ ಇರಲಿ. ಮಾಡಬೇಕಾದ ಕೆಲಸ ನೆನಪಾದರೆ ಒಂದು ಪದ ಗೀಚಿಟ್ಟು ಓದಿಗೆ ಮರಳಿ. ಯಾರದೋ ಮುಖ ನೆನಪಾದರೆ ಅವರಿಗಾಗಿ ಒಂದು ವಾಕ್ಯ ಪ್ರಾರ್ಥಿಸಿ. ಯಾರ ಮೇಲೋ ಸಿಟ್ಟು ಪದೇ ಪದೇ ತಲೆಯೆತ್ತಿದರೆ ಅದನ್ನು ತಳ್ಳಿಹಾಕಬೇಡಿ. ಆ ದಿನದ ಪ್ರಾರ್ಥನೆ ಅದರ ಬಗ್ಗೆಯೇ ಆಗಬೇಕು. ಹದಿನೈದು ನಿಮಿಷದಲ್ಲಿ ಇಪ್ಪತ್ತು ಸಲ ಮನಸ್ಸು ಹೋಗಿ ಇಪ್ಪತ್ತು ಸಲ ಹಿಂತಿರುಗಿದರೆ, ಇಪ್ಪತ್ತು ಸಲ ದೇವರ ಕಡೆಗೆ ತಿರುಗಿದ್ದೀರಿ ಎಂದೇ ಲೆಕ್ಕ.

ಪ್ರಶ್ನೆ: ಪ್ರತಿ ಜನವರಿಯಲ್ಲೂ ವರ್ಷಕ್ಕೊಮ್ಮೆ ಇಡೀ ಸತ್ಯವೇದ ಓದುವ ಪಟ್ಟಿ ಹಿಡಿಯುತ್ತೇನೆ. ಮೂರನೆಯ ಪುಸ್ತಕವಾದ ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ನಿಂತುಹೋಗುತ್ತದೆ.

ಪ್ರೊಟೆಸ್ಟಂಟ್ ಸತ್ಯವೇದದಲ್ಲಿ 66 ಪುಸ್ತಕಗಳು, 1189 ಅಧ್ಯಾಯಗಳು. ವರ್ಷದಲ್ಲಿ ಮುಗಿಸಬೇಕಾದರೆ ದಿನಕ್ಕೆ ಮೂರಕ್ಕಿಂತ ಸ್ವಲ್ಪ ಹೆಚ್ಚು ಅಧ್ಯಾಯ ಓದಬೇಕು. ನಾಲ್ಕು ದಿನ ತಪ್ಪಿದರೆ ಹದಿಮೂರು ಅಧ್ಯಾಯ ಬಾಕಿ. ಬಾಕಿ ತೀರಿಸುವ ಓದು ಅವಸರದ ಓದು. ಅದರಲ್ಲಿ ಪ್ರಾರ್ಥನೆಗೆ ಜಾಗವಿರುವುದಿಲ್ಲ, ಆಮೇಲೆ ಪುಸ್ತಕ ಮುಟ್ಟುವುದೇ ಭಾರವಾಗುತ್ತದೆ. ಆದ್ದರಿಂದ ತಪ್ಪಿದ ದಿನಗಳನ್ನು ಬಿಟ್ಟುಬಿಡಿ. ಇವತ್ತಿನ ತಾರೀಕಿನ ಭಾಗವನ್ನೇ ಓದಿ, ಮುಂದೆ ಹೋಗಿ.

ಇದಕ್ಕಿಂತ ಹಗುರವಾದ ಲೆಕ್ಕವೂ ಇದೆ. ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯಗಳಿವೆ. ವಾರಕ್ಕೆ ಐದು ದಿನ, ದಿನಕ್ಕೆ ಒಂದು ಅಧ್ಯಾಯದಂತೆ 52 ವಾರಕ್ಕೆ ಸರಿಯಾಗಿ ಮುಗಿಯುತ್ತದೆ; ಉಳಿದ ಎರಡು ದಿನ ತಪ್ಪಿದ್ದನ್ನು ಓದಲು. ಮಲಗುವ ಮುನ್ನ ದಿನಕ್ಕೊಂದು ಕೀರ್ತನೆ ಓದಿದರೆ 150 ಕೀರ್ತನೆಗಳು ಐದು ತಿಂಗಳಲ್ಲಿ ಆಗುತ್ತವೆ. 119ನೆಯ ಕೀರ್ತನೆ ಮಾತ್ರ 176 ವಚನಗಳದ್ದು. ಅದು ಎಂಟೆಂಟು ವಚನಗಳ 22 ಭಾಗಗಳಾಗಿಯೇ ಇರುವುದರಿಂದ ದಿನಕ್ಕೊಂದು ಭಾಗ ಓದಿ; ಆಗ ಮೂರು ವಾರ ಹೆಚ್ಚು ಹಿಡಿಯುತ್ತದೆ. ಯಾಜಕಕಾಂಡವನ್ನು ಮುಂದೆ ಇಬ್ರಿಯರಿಗೆ ಬರೆದ ಪತ್ರಿಕೆಯ ಜೊತೆಗಿಟ್ಟು ಓದಿದರೆ ಅದರಲ್ಲಿ ಹೇಳಿರುವ ಬಲಿಗಳೆಲ್ಲ ಯೇಸುವಿನ ಕಡೆಗೇ ಕೈತೋರಿಸುತ್ತವೆ ಎಂಬುದು ತಿಳಿಯುತ್ತದೆ.

ಪ್ರಶ್ನೆ: ಕೆಲವು ತಿಂಗಳಿಂದ ಪ್ರಾರ್ಥಿಸುವಾಗ ಏನೂ ಅನ್ನಿಸುವುದಿಲ್ಲ. ಹಾಡು, ಆರಾಧನೆ ಎಲ್ಲ ಒಣಗಿದ ಹಾಗೆ. ದೇವರು ನನ್ನನ್ನು ಕೈಬಿಟ್ಟನೇ?

ಇಲ್ಲ. ಆದರೆ ಈ ಒಣಗಿದ ಸ್ಥಿತಿಗೆ ಕಾರಣ ಎಲ್ಲರಲ್ಲೂ ಒಂದೇ ಆಗಿರುವುದಿಲ್ಲ. ಕಾರಣ ತಿಳಿಯದೆ ‘ಇನ್ನೂ ಹೆಚ್ಚು ಪ್ರಾರ್ಥಿಸಿ’ ಎಂದು ಹೇಳುವುದು ನೊಂದವರನ್ನು ಇನ್ನಷ್ಟು ನೋಯಿಸುತ್ತದೆ.

ಮೊದಲು ದೇಹವನ್ನು ನೋಡಿ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯನು ಸಾಯಬೇಕೆಂದು ಕೇಳಿಕೊಂಡಾಗ ದೇವರು ಅವನಿಗೆ ಉಪದೇಶ ಮಾಡಲಿಲ್ಲ. ದೂತನು ಎರಡು ಸಲ ತಟ್ಟಿ ಎಬ್ಬಿಸಿ ಊಟ ಕೊಟ್ಟನು, ನಡುವೆ ಅವನು ನಿದ್ದೆ ಮಾಡಿದನು. ಮೆಲುದನಿ ಕೇಳಿಸಿದ್ದು ಆಮೇಲೆ. ನಿದ್ದೆಗೆಟ್ಟವರು ಮೊದಲು ನಿದ್ದೆ ಸರಿಪಡಿಸಿಕೊಳ್ಳಬೇಕು. ಎರಡು ವಾರಕ್ಕೂ ಮೀರಿ ನಿದ್ದೆ, ಹಸಿವು ಕೆಟ್ಟು, ಯಾವುದರಲ್ಲೂ ಆಸಕ್ತಿ ಉಳಿಯದೆ, ತಾನು ಯಾತಕ್ಕೂ ಬೇಡವೆನಿಸುತ್ತಿದ್ದರೆ ಅದು ಖಿನ್ನತೆಯಿರಬಹುದು, ವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರೆ ಅದೇ ದಿನ ನಂಬಿಕಸ್ಥರೊಬ್ಬರಿಗೆ ಬಾಯಿಬಿಟ್ಟು ಹೇಳಿ, ಒಂಟಿಯಾಗಿರಬೇಡಿ. ಔಷಧ ತೆಗೆದುಕೊಳ್ಳುವುದು ಅವಿಶ್ವಾಸವಲ್ಲ.

ಇನ್ನೊಂದು, ಮುಚ್ಚಿಟ್ಟ ಪಾಪ. ದೋಷವನ್ನು ಅರಿಕೆಮಾಡದೆ ಸುಮ್ಮನಿದ್ದಾಗ ಎಲುಬುಗಳೇ ಸವೆದುಹೋದವು ಎಂದು 32ನೆಯ ಕೀರ್ತನೆ ಹೇಳುತ್ತದೆ. ನಿರ್ದಿಷ್ಟವಾಗಿ ಒಂದು ಸಂಗತಿ ಚುಚ್ಚುತ್ತಿದ್ದರೆ ಅದನ್ನು ಹೆಸರಿಟ್ಟು ದೇವರಿಗೆ ಹೇಳಿ. ಯಾರಿಗೆ ಅನ್ಯಾಯವಾಗಿದೆಯೋ ಅವರ ಬಳಿ ಹೋಗಿ ಸರಿಪಡಿಸಿ. ಏನೂ ನೆನಪಿಗೆ ಬರದೆ ಬರೀ ತಪ್ಪಿತಸ್ಥ ಭಾವವಷ್ಟೇ ಇದ್ದರೆ ಅದನ್ನು ಕೆದಕುತ್ತ ಕೂರಬೇಡಿ.

ಈ ಎರಡೂ ಅಲ್ಲದೆ ಬರುವ ಒಣಗುವಿಕೆಯೂ ಇದೆ. ಹದಿನಾರನೆಯ ಶತಮಾನದ ಶಿಲುಬೆಯ ಸಂತ ಯೊವಾನ್ನರು ಅದಕ್ಕೆ ಮೂರು ಗುರುತು ಕೊಟ್ಟಿದ್ದಾರೆ: ದೇವರ ವಿಷಯದಲ್ಲಿ ಮಾತ್ರವಲ್ಲದೆ ಲೋಕದ ಯಾವುದರಲ್ಲೂ ಸವಿ ಸಿಗುವುದಿಲ್ಲ, ‘ದೇವರನ್ನು ಸರಿಯಾಗಿ ಸೇವಿಸುತ್ತಿಲ್ಲ’ ಎಂಬ ನೋವು ಒಳಗೆ ಕಾಡುತ್ತಿರುತ್ತದೆ, ಮೊದಲಿನ ಹಾಗೆ ಕಲ್ಪಿಸಿಕೊಂಡು ಧ್ಯಾನಿಸಲು ಆಗುವುದಿಲ್ಲ. ಎರಡನೆಯ ಗುರುತು ಮುಖ್ಯ. ದೇವರು ಬೇಡವಾದವರಿಗೆ ಈ ನೋವೇ ಇರುವುದಿಲ್ಲ. ನೀವು ಪತ್ರ ಬರೆದು ಕೇಳಿದ್ದೀರಿ ಎಂಬುದೇ ನಿಮ್ಮಲ್ಲಿ ಆ ನೋವಿದೆ ಎನ್ನುವುದಕ್ಕೆ ಸಾಕ್ಷಿ.

ಇಂಥ ಕಾಲದಲ್ಲಿ ಸ್ವಂತ ಮಾತು ಹುಡುಕದೆ ಕೀರ್ತನೆಗಳ ಮಾತನ್ನು ಎರವಲು ಪಡೆಯಿರಿ. 13ನೆಯ ಕೀರ್ತನೆ ಬರೀ ಆರು ವಚನ. ‘ಎಷ್ಟರವರೆಗೆ?’ ಎಂಬ ದೂರು, ‘ಕಟಾಕ್ಷಿಸು’ ಎಂಬ ಬೇಡಿಕೆ, ‘ನಿನ್ನ ಪ್ರೀತಿಯಲ್ಲಿ ಭರವಸವಿಟ್ಟಿದ್ದೇನೆ’ ಎಂಬ ನಿಲುವು ಒಂದಾದ ಮೇಲೊಂದು ಬರುತ್ತವೆ. ಇದೇ ಕ್ರಮದಲ್ಲಿ ನಿಮ್ಮ ದೂರನ್ನು ಬರೆಯಿರಿ. ಕೊನೆಯ ಭಾಗ ಬರೆಯಲು ಆಗದಿದ್ದರೆ ಬಿಟ್ಟುಬಿಡಿ; 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯೇ. ಹೊತ್ತು ಮಾತ್ರ ಬದಲಿಸಬೇಡಿ. ಹದಿನೈದು ನಿಮಿಷ ಎಂದು ಕೂತಿದ್ದರೆ ಹದಿನೈದೂ ಇರಿ.

ಪ್ರಶ್ನೆ: ಆಫೀಸಿನ ಕೆಲಸದಲ್ಲಿ ಅರ್ಥವೇ ಕಾಣುತ್ತಿಲ್ಲ. ಕೆಲಸ ಬಿಟ್ಟು ಪೂರ್ಣಾವಧಿ ಸೇವೆಗೆ ಇಳಿಯುವುದು ದೇವರ ಚಿತ್ತವೇ ಎಂದು ತಿಳಿಯುವುದು ಹೇಗೆ?

ಲೂಕ 3ರಲ್ಲಿ ಸುಂಕದವರೂ ಸಿಪಾಯಿಗಳೂ ಸ್ನಾನಿಕನಾದ ಯೋಹಾನನ ಬಳಿ ‘ನಾವೇನು ಮಾಡಬೇಕು?’ ಎಂದು ಕೇಳುತ್ತಾರೆ. ಜನ ದ್ವೇಷಿಸುತ್ತಿದ್ದ ಕಸುಬುಗಳು ಅವು. ಆದರೂ ಅವನು ಬಿಟ್ಟುಬಿಡಿ ಎನ್ನಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲು ಮಾಡಬೇಡಿ, ಯಾರನ್ನೂ ಹೆದರಿಸಿ ಕಿತ್ತುಕೊಳ್ಳಬೇಡಿ ಎಂದನು. ‘ಮನಃಪೂರ್ವಕವಾಗಿ ಕರ್ತನಿಗೋಸ್ಕರ ಮಾಡಿರಿ’ ಎಂದು ಪೌಲನು ಕೊಲೊಸ್ಸೆಯವರಿಗೆ ಬರೆದದ್ದು ದಾಸರನ್ನು ಉದ್ದೇಶಿಸಿ. ತಮ್ಮ ಕೆಲಸವನ್ನು ತಾವೇ ಆರಿಸಿಕೊಂಡವರಲ್ಲ ಅವರು. ಹಾಗಾಗಿ ಮೊದಲು ಈಗಿನ ಮೇಜಿನ ಮುಂದೆಯೇ ಒಂದು ತಿಂಗಳು ಪ್ರಯತ್ನಿಸಿ. ಕೆಲಸ ಶುರುಮಾಡುವ ಮುನ್ನ ಆ ದಿನ ನಿಮ್ಮ ಕೆಲಸದಿಂದ ಪ್ರಯೋಜನ ಪಡೆಯುವ ಒಬ್ಬರನ್ನು ನೆನೆದು ಪ್ರಾರ್ಥಿಸಿ. ಸುಳ್ಳು ಲೆಕ್ಕ, ಚಾಡಿ, ಕಾಲಹರಣ, ಇವುಗಳಲ್ಲಿ ನಿಮ್ಮದು ಯಾವುದೋ ಅದನ್ನು ಬಿಡಿ.

ಆಮೇಲೂ ಸೇವೆಯ ಭಾರ ಉಳಿದರೆ ಪರೀಕ್ಷಿಸಿ ನೋಡಿ. ಮೂರು ತಿಂಗಳು, ವಾರಕ್ಕೆ ಎರಡು ಗಂಟೆ, ಒಂದೇ ಕೆಲಸ: ಭಾನುವಾರ ಶಾಲೆಯ ಮಕ್ಕಳಿಗೆ ಪಾಠ, ಆಸ್ಪತ್ರೆಯಲ್ಲಿರುವವರ ಭೇಟಿ, ಇಂಥದ್ದು. ಯಾರೂ ಹೊಗಳದ ಭಾಗವನ್ನೂ ಮಾಡುವ ಮನಸ್ಸು ಉಳಿಯುತ್ತದೆಯೇ ಗಮನಿಸಿ. ಅಪೊಸ್ತಲರ ಕೃತ್ಯಗಳು 13ರಲ್ಲಿ ಬಾರ್ನಬ, ಸೌಲರು ಅಂತಿಯೋಕ್ಯದ ಸಭೆಯಲ್ಲಿ (ಅಲ್ಲಿನ ಕ್ರೈಸ್ತ ಸಮುದಾಯದಲ್ಲಿ) ಆಗಲೇ ಸೇವೆಯಲ್ಲಿದ್ದರು. ಉಪವಾಸ ಪ್ರಾರ್ಥನೆಯಲ್ಲಿದ್ದ ಆ ಸಭೆಯೇ ಕೈಯಿಟ್ಟು ಅವರನ್ನು ಕಳುಹಿಸಿತು. ನಿಮ್ಮನ್ನು ಬಲ್ಲ ಸಭಾಪಾಲಕರು ಅಥವಾ ಗುರುಗಳು, ಮನೆಯವರು, ನಿಮ್ಮ ತಪ್ಪನ್ನು ಎದುರಿಗೇ ಹೇಳುವ ಒಬ್ಬ ಗೆಳೆಯರು, ಈ ಮೂವರನ್ನೂ ಕೇಳಿ. ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟ ವಚನವನ್ನು ಉತ್ತರವೆಂದು ಹಿಡಿಯಬೇಡಿ. ಮೇಲಧಿಕಾರಿಯ ಕಾಟದಿಂದ ಪಾರಾಗುವ ಆಸೆಯೇ ಕರೆಯ ಹಾಗೆ ಕಾಣಿಸುವುದುಂಟು. ಆ ಕಾಟ ನಾಳೆಯೇ ನಿಂತರೂ ಸೇವೆಗೆ ಹೋಗುವಿರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಪ್ರಶ್ನೆ: ಯೂಟ್ಯೂಬಿನಲ್ಲಿ ದಿನವೂ ಒಳ್ಳೆಯ ಪ್ರಸಂಗಗಳನ್ನು ಕೇಳುತ್ತೇನೆ. ಸಭೆಗೆ (ಚರ್ಚಿಗೆ) ಹೋಗಲೇಬೇಕೇ?

ಹಾಸಿಗೆ ಹಿಡಿದವರಿಗೆ, ಅವರ ಆರೈಕೆಯಲ್ಲಿರುವವರಿಗೆ ಅದು ನಿಜವಾದ ವರ. ಓಡಾಡಬಲ್ಲವರು ಹೋಗಬೇಕು. ‘ಒಬ್ಬರನ್ನೊಬ್ಬರು ಪ್ರೀತಿಸಿರಿ, ಒಬ್ಬರ ಭಾರವನ್ನೊಬ್ಬರು ಹೊತ್ತುಕೊಳ್ಳಿರಿ’ ಎಂಬ ಆಜ್ಞೆಗಳನ್ನು ಪರದೆಯ ಮುಂದೆ ಒಬ್ಬರೇ ಕೂತು ಪಾಲಿಸಲಾಗದು. ನೀವು ಎರಡು ವಾರ ಕಾಣದಿದ್ದರೆ ಆ ಬೋಧಕರಿಗೆ ಗೊತ್ತಾಗುವುದೂ ಇಲ್ಲ. ದಿನಕ್ಕೊಂದು ಪ್ರಸಂಗ ಕೇಳುವವರಿಗೆ ಇನ್ನೊಂದು ಅಪಾಯವೂ ಇದೆ: ಸೋಮವಾರ ಕೇಳಿದ್ದನ್ನು ಮಾಡುವ ಮೊದಲೇ ಮಂಗಳವಾರದ್ದು ಬಂದಿರುತ್ತದೆ. ವಾರಕ್ಕೆ ಒಂದೇ ಕೇಳಿ, ಮಾಡಬೇಕಾದ ಒಂದು ಕೆಲಸ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ) ಮೊಬೈಲ್ ಉಪವಾಸ ಮಾಡಬೇಕೆಂದಿದ್ದೇವೆ. ಹೋದ ವರ್ಷ ಮನೆಯವರೆಲ್ಲ ಶುರುಮಾಡಿ ಒಂದೇ ವಾರಕ್ಕೆ ಬಿಟ್ಟೆವು.

ಬಿಟ್ಟ ಹೊತ್ತನ್ನು ಖಾಲಿ ಬಿಟ್ಟದ್ದೇ ಬಹುಶಃ ಕಾರಣ. ಗುಡಿಸಿ ಅಲಂಕರಿಸಿ ಖಾಲಿ ಬಿಟ್ಟ ಮನೆಗೆ, ಅಲ್ಲಿಂದ ಹೊರಟುಹೋಗಿದ್ದ ದೆವ್ವ ಮರಳಿ ಇನ್ನೂ ಏಳನ್ನು ಕರೆತಂದಿತೆಂದು ಯೇಸು ಎಚ್ಚರಿಸಿದ್ದಾರೆ (ಮತ್ತಾಯ 12:43–45). ಬೂದಿ ಬುಧವಾರದಿಂದ ಪವಿತ್ರ ಶನಿವಾರದವರೆಗೆ 46 ದಿನ. ಆರು ಭಾನುವಾರ ಕಳೆದರೆ ನಲವತ್ತು. ಪೂರ್ತಿ ಬಿಡುವ ಶಪಥ ಮಾಡಬೇಡಿ. ರಾತ್ರಿ ಊಟದ ಹೊತ್ತಿನಿಂದ ಬೆಳಗಿನ ಪ್ರಾರ್ಥನೆಯವರೆಗೆ ಎಲ್ಲರ ಮೊಬೈಲೂ ಒಂದೇ ಡಬ್ಬಿಯಲ್ಲಿರಲಿ, ಮೊದಲು ಅಪ್ಪ ಅಮ್ಮನದು. ತುರ್ತು ಕರೆಗೆ ಒಂದು ಫೋನಿನ ರಿಂಗ್ ಮಾತ್ರ ತೆರೆದಿಡಿ.

ಆ ಹೊತ್ತಿನಲ್ಲಿ ಹತ್ತು ನಿಮಿಷ ಎಲ್ಲರೂ ಕೂತು ದಿನವನ್ನು ಹಿಂತಿರುಗಿ ನೋಡಿ. ಹದಿನಾರನೆಯ ಶತಮಾನದ ಲೊಯೋಲದ ಸಂತ ಇಗ್ನೇಷಿಯಸ್ ಕಲಿಸಿದ ಕ್ರಮ ಐದು ಹೆಜ್ಜೆಯದು: ದೇವರಿಗೆ ವಂದನೆ ಹೇಳುವುದು, ಕಾಣುವ ಬೆಳಕು ಬೇಡುವುದು, ದಿನವನ್ನು ಗಂಟೆ ಗಂಟೆಯಾಗಿ ನೆನೆಯುವುದು, ತಪ್ಪಿಗೆ ಕ್ಷಮೆ ಕೇಳುವುದು, ನಾಳೆಗೆ ಒಂದು ನಿರ್ಧಾರ ಮಾಡುವುದು. ಮಕ್ಕಳಿಗೆ ಮೊದಲನೆಯದು, ಕೊನೆಯದು ಸಾಕು. ತಪ್ಪೊಪ್ಪಿಕೊಳ್ಳಲು ಅವರನ್ನು ಎಲ್ಲರೆದುರು ಒತ್ತಾಯಿಸಬೇಡಿ. ಉಪವಾಸವೆಂದರೆ ಹಸಿದವರಿಗೆ ಆಹಾರ ಹಂಚುವುದು ಎಂದು ಯೆಶಾಯ 58 ಹೇಳುತ್ತದೆ. ವಾರಕ್ಕೊಂದು ಸಂಜೆ ಒಂಟಿಯಾಗಿರುವ ಒಬ್ಬರ ಮನೆಗೆ ಹೋಗಿ ಬನ್ನಿ. ಇದರ ಫೋಟೋ ಎಲ್ಲೂ ಹಾಕಬೇಡಿ.

ಪ್ರಶ್ನೆ: ಹಲವು ವರ್ಷ ಸಭೆಯಿಂದ ದೂರವಿದ್ದೆ. ಹಿಂತಿರುಗಲು ನಾಚಿಕೆ. ಮೊದಲಿನ ಉತ್ಸಾಹ ಬರಲಿ ಎಂದು ಕಾಯುತ್ತಿದ್ದೇನೆ.

ಕಾಯಬೇಡಿ. ಮೊದಲಿದ್ದ ಪ್ರೀತಿಯನ್ನು ಬಿಟ್ಟ ಎಫೆಸದ ಸಭೆಗೆ ಕರ್ತನು ಹೇಳಿದ್ದು ಮೂರು ಮಾತು: ಎಲ್ಲಿಂದ ಬಿದ್ದಿದ್ದೀ ಎಂಬುದನ್ನು ಜ್ಞಾಪಕಮಾಡಿಕೋ, ದೇವರ ಕಡೆಗೆ ತಿರುಗಿಕೋ, ಮೊದಲು ಮಾಡುತ್ತಿದ್ದ ಕೃತ್ಯಗಳನ್ನು ಮಾಡು (ಪ್ರಕಟನೆ 2:4–5). ಉತ್ಸಾಹ ತಂದುಕೋ ಎಂಬ ಆಜ್ಞೆ ಅಲ್ಲಿಲ್ಲ. ಯೇಸುವನ್ನು ಮೂರು ಸಲ ಅರಿಯೆನೆಂದ ಶಿಷ್ಯ ಪೇತ್ರನಿಗೂ ಪುನರುತ್ಥಾನನಾದ ಕರ್ತನು ಮೂರು ಸಲ ಪ್ರೀತಿಯ ವಿಷಯ ಕೇಳಿ, ಮೂರು ಸಲವೂ ಕೆಲಸವನ್ನೇ ಒಪ್ಪಿಸಿದನು.

ವಿಶ್ವಾಸ ಬಿಸಿಯಾಗಿದ್ದಾಗ ನೀವು ದಿನವೂ ಮಾಡುತ್ತಿದ್ದ ಮೂರು ಸಂಗತಿಗಳನ್ನು ಕಾಗದದ ಮೇಲೆ ಬರೆಯಿರಿ. ಅವುಗಳಲ್ಲಿ ಅತಿ ಚಿಕ್ಕದನ್ನು ನಾಳೆಯಿಂದ ಶುರುಮಾಡಿ. ಈ ವಾರದಲ್ಲೇ ಸಭಾಪಾಲಕರಿಗೆ ಅಥವಾ ಗುರುಗಳಿಗೆ ಫೋನ್ ಮಾಡಿ ಮಾತಾಡಲು ಅರ್ಧ ಗಂಟೆ ಸಮಯ ಕೇಳಿಕೊಳ್ಳಿ. ಕಥೋಲಿಕರಾದರೆ ಪಾಪನಿವೇದನೆಗೆ (ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳಲು) ಬಂದು ಬಹಳ ವರ್ಷವಾಯಿತೆಂದು ಮೊದಲೇ ತಿಳಿಸಿ, ಕ್ರಮ ಮರೆತಿದ್ದರೆ ಗುರುಗಳೇ ನಡೆಸಿಕೊಡುತ್ತಾರೆ. ಮೊದಲ ಭಾನುವಾರ ಗೊತ್ತಿರುವ ಒಬ್ಬರ ಜೊತೆ ಹೋಗಿ, ಅವರ ಪಕ್ಕದಲ್ಲೇ ಕುಳಿತುಕೊಳ್ಳಿ. ‘ಇಷ್ಟು ದಿನ ಎಲ್ಲಿದ್ದಿರಿ?’ ಎಂದು ಯಾರಾದರೂ ಕೇಳಿದರೆ ‘ದೂರ ಇದ್ದೆ, ಈಗ ಬಂದಿದ್ದೇನೆ’ ಎಂದರೆ ಸಾಕು.