ಅವಳು ಕೇಳುತ್ತಾಳೆ, ನಾನು ಹೇಳುತ್ತೇನೆ. ತಪ್ಪಾಗಿದ್ದು ಎಲ್ಲಿ?

ಪ್ರಶ್ನೆ: ಹನ್ನೆರಡು ವರ್ಷದಿಂದ ಒಂದೇ ಆಫೀಸಿನಲ್ಲಿದ್ದೇನೆ. ಹೋದ ವರ್ಷ ಹೊಸದಾಗಿ ಸೇರಿದ ಹುಡುಗಿಗೆ ನನ್ನನ್ನು ಮೆಂಟರ್ ಮಾಡಿದರು. ಅವಳು ಕೇಳಿದ್ದಕ್ಕೆಲ್ಲ ಕೂಡಲೇ ಉತ್ತರ ಹೇಳಿದೆ. ಎಷ್ಟೋ ಸಲ ಕೆಲಸವನ್ನೂ ನಾನೇ ಮಾಡಿಕೊಟ್ಟೆ. ಈಗ ಒಂದು ಮೇಲ್ ಕಳಿಸಬೇಕಿದ್ದರೂ ನನ್ನ ಟೇಬಲ್ ಹತ್ತಿರ ಬಂದು ನಿಲ್ಲುತ್ತಾಳೆ. 'ಸ್ವಂತವಾಗಿ ಏನೂ ತೀರ್ಮಾನ ಮಾಡಲ್ಲ' ಅಂತ ಮ್ಯಾನೇಜರ್ ಅವಳ ಪ್ರಮೋಷನ್ ತಡೆದಿದ್ದಾರೆ. ತಪ್ಪು ನನ್ನದೇ ಅನಿಸುತ್ತಿದೆ. ಇನ್ನು ಏನೂ ಹೇಳಿಕೊಡದೆ ದೂರ ಇದ್ದುಬಿಡಲೇ?

ಉತ್ತರ: ಬೇಡ, ಖಂಡಿತ ಬೇಡ. ನೀವು ಒಮ್ಮೆಲೇ ಕೈಬಿಟ್ಟರೆ 'ಅಕ್ಕನಿಗೆ ನನ್ನ ಮೇಲೆ ಕೋಪ' ಅಂತ ಅವಳು ಕುಗ್ಗಿಹೋಗುತ್ತಾಳೆ. ನೀವು ಸಹಾಯ ಮಾಡಿದ್ದು ತಪ್ಪಲ್ಲ. ಅವಸರ ಮಾಡಿದಿರಿ, ಅಷ್ಟೇ. ಅವಳು ಯೋಚಿಸುವ ಮೊದಲೇ ಉತ್ತರ ಕೈಗೆ ಸಿಕ್ಕಿಬಿಡುತ್ತಿತ್ತು.

ಮೆಂಟರ್ ತನ್ನ ಅನುಭವ ಹಂಚಿಕೊಳ್ಳುತ್ತಾರೆ. ಕೋಚ್ ಕೇಳಿ ಕೇಳಿ ಎದುರಿನವರ ತಲೆಗೆ ಕೆಲಸ ಕೊಡುತ್ತಾರೆ. ಈಗ ನೀವು ಸ್ವಲ್ಪ ಕೋಚ್ ಆಗಬೇಕು. ಅಮೆರಿಕದ ಟೆನಿಸ್ ಕೋಚ್ ಟಿಮೊಥಿ ಗಾಲ್ವೇ 1970ರ ದಶಕದಲ್ಲಿ ಒಂದು ಸರಳ ಉಪಾಯ ಮಾಡಿದ್ದರು. ರ್‍ಯಾಕೆಟ್ ಹೀಗೆ ಹಿಡಿ, ಹಾಗೆ ಬೀಸು ಅಂತ ಹೇಳುವ ಬದಲು, ಚೆಂಡು ಪುಟಿದಾಗ 'ಬೌನ್ಸ್', ಹೊಡೆದಾಗ 'ಹಿಟ್' ಅಂತ ಬಾಯಲ್ಲಿ ಹೇಳಲು ಕಲಿಯುವವರಿಗೆ ತಿಳಿಸುತ್ತಿದ್ದರು. ಗಮನ ಚೆಂಡಿನ ಮೇಲೆ ನಿಂತರೆ ಕೈ ತಾನಾಗಿಯೇ ಹೊಂದಿಕೊಳ್ಳುತ್ತದೆ ಅನ್ನೋದು ಅವರ ನಂಬಿಕೆ. ಆಫೀಸಿನಲ್ಲಿ ಹೀಗೆ ಗಮನ ನಿಲ್ಲಿಸುವ ಕೆಲಸವನ್ನು ಒಳ್ಳೆಯ ಪ್ರಶ್ನೆ ಮಾಡುತ್ತದೆ.

ನಾಳೆ ಅವಳು ಲ್ಯಾಪ್‌ಟಾಪ್ ಹಿಡಿದು ಬಂದಾಗ ಕುರ್ಚಿ ತಿರುಗಿಸಿ ಕೂತುಕೊಳ್ಳಿ. ಸ್ಕ್ರೀನ್ ಕಡೆ ಕೈ ಚಾಚಬೇಡಿ. 'ಈ ಮೇಲ್ ಓದಿದವರು ಏನು ಮಾಡಬೇಕು ಅಂತ ನಿನಗಿದೆ?' ಅಂತ ಕೇಳಿ. ಆಮೇಲೆ ಸುಮ್ನೆ ಇರಿ. ಮನಸ್ಸಿನಲ್ಲೇ ಹತ್ತು ಎಣಿಸಿ. ಆ ಹತ್ತು ಸೆಕೆಂಡು ನಿಮಗೇ ಜಾಸ್ತಿ ಕಷ್ಟ, ಗೊತ್ತು. ಆದರೆ ಅವಳು ಯೋಚಿಸಲು ಶುರು ಮಾಡುವುದು ಆಗಲೇ. 'ಗೊತ್ತಿಲ್ಲ' ಅಂದರೆ, 'ನಾನು ಇವತ್ತು ರಜೆ ಅಂದುಕೋ, ಏನು ಮಾಡ್ತಿದ್ದೆ?' ಅಂತ ಕೇಳಿ.

ಇದಕ್ಕೊಂದು ಕ್ರಮ ಬೇಕು ಅನಿಸಿದರೆ, 1980ರ ದಶಕದಲ್ಲಿ ಬ್ರಿಟನ್ನಿನ ಕೋಚಿಂಗ್ ತಜ್ಞ ಜಾನ್ ವಿಟ್ಮೋರ್ ಮತ್ತು ಜೊತೆಗಾರರು ರೂಪಿಸಿದ 'ಗ್ರೋ' ವಿಧಾನ ಇದೆ: ಗುರಿ ಏನು, ಈಗ ಎಲ್ಲಿದ್ದೀಯ, ಯಾವ್ಯಾವ ದಾರಿ ಇದೆ, ಯಾವುದನ್ನು ಹಿಡಿಯುತ್ತೀಯ. ಬಾಯಿಪಾಠ ಒಪ್ಪಿಸಿದ ಹಾಗೆ ಕೇಳಬೇಡಿ.

ಒಂದು ಎಚ್ಚರ. 'ಅವರಿಗೆ ಫೋನ್ ಮಾಡಬಹುದಿತ್ತಲ್ವಾ?' ಅನ್ನೋದು ಪ್ರಶ್ನೆಯ ವೇಷದಲ್ಲಿರುವ ಸಲಹೆ. 'ಯಾಕೆ ಹೀಗೆ ಮಾಡಿದೆ?' ಅಂದರೆ ಬೈದಂತೆ ಕೇಳಿಸುತ್ತದೆ. 'ಏನು ನೋಡಿ ಹೀಗೆ ಅನಿಸಿತು?' ಅಂತ ಕೇಳಿದರೆ ಅವಳು ಮನಸ್ಸು ಬಿಚ್ಚುತ್ತಾಳೆ. ಹಾಗಂತ ಆಫೀಸಿನ ನಿಯಮಕ್ಕೂ, ಇನ್ನೊಂದು ಗಂಟೆಯಲ್ಲಿ ಮುಗಿಯಬೇಕಾದ ಕೆಲಸಕ್ಕೂ ಪ್ರಶ್ನೆ ಹಾಕುತ್ತಾ ಕೂರಬೇಡಿ. ಅದು ಹಿಂಸೆ. ನೇರವಾಗಿ ಹೇಳಿಬಿಡಿ.

ಇದನ್ನೆಲ್ಲ ಶುರು ಮಾಡುವ ಮುಂಚೆ ಅವಳ ಜೊತೆ ಕೂತು ಮಾತಾಡಿ. 'ನಾನು ಬೇಗ ಬೇಗ ಉತ್ತರ ಹೇಳಿ ನಿನಗೆ ಅವಕಾಶ ಕೊಡಲಿಲ್ಲ, ಇನ್ಮೇಲೆ ಮೊದಲು ನಿನ್ನ ಯೋಚನೆ ಕೇಳ್ತೀನಿ' ಅನ್ನಿ. ನನಗೆ ಬರೆದದ್ದನ್ನೇ ಮ್ಯಾನೇಜರ್‌ಗೂ ಹೇಳಿ, ಅವಳೊಬ್ಬಳೇ ನಿಭಾಯಿಸುವಂಥ ಒಂದು ಸಣ್ಣ ಕೆಲಸ ಕೊಡಿಸಿ. ಪ್ರಮೋಷನ್ ತಪ್ಪಿದ್ದಕ್ಕೆ ಕೊರಗುತ್ತಾ ಕೂರುವುದಕ್ಕಿಂತ ಅವಳಿಗೆ ಇದರಿಂದ ಉಪಯೋಗ ಜಾಸ್ತಿ.

ಮುಂದಿನ ಮೇಲ್ ನೀವು ಬರೆಯುವ ಹಾಗೆ ಇರುವುದಿಲ್ಲ. ವಿಷಯ ಸರಿಯಿದ್ದರೆ, ಒಂದು ಪದವನ್ನೂ ತಿದ್ದದೆ ಅವಳ ಕೈಯಲ್ಲೇ ಕಳಿಸಲು ಬಿಡಿ.